ಸಣ್ಣ ಕಾರ್ಖಾನೆಯ ಆಸ್ತಿ ಮೌಲ್ಯಮಾಪನ: ವ್ಯಾಲ್ಯುಯರ್ ಬರುವ ಮೊದಲು ಕಾಗದಪತ್ರ ಸಿದ್ಧ ಮಾಡುವ ಸಮಗ್ರ ಮಾರ್ಗದರ್ಶಿ

ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಬಂದು ನೋಡಿಕೊಂಡು ಹೋಗುತ್ತಾರೆ. ಆಮೇಲೆ ಫೋನ್ ಶುರುವಾಗುತ್ತದೆ. ಆ ಬಿಲ್ ಕಳಿಸಿ, ಈ ನಕ್ಷೆ ಕಳಿಸಿ, ಪಟ್ಟಿಯಲ್ಲಿರುವ ಯಂತ್ರ ಶೆಡ್‌ನಲ್ಲಿ ಕಾಣಲಿಲ್ಲವಲ್ಲ ಅಂತ. ಇನ್ನೊಂದು ಸಲ ಬರುತ್ತಾರೆ, ಇನ್ನೊಂದು ಸಲ ಫೀಸು. ಅಷ್ಟರಲ್ಲಿ ಸಾಲದ ಫೈಲ್ ಬ್ಯಾಂಕಿನಲ್ಲಿ ಕೂತಿರುತ್ತದೆ. ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ, ಎಲ್ಲಿ ನೋಡಿದರೂ ಸಣ್ಣ ಕಾರ್ಖಾನೆಯವರು ಎಡವುವುದು ಇದೇ ಜಾಗದಲ್ಲಿ.

ಬಹಳ ಜನರ ಹತ್ತಿರ ಕಾಗದ ಇರುತ್ತದೆ, ಕೆಲಸದ ಕ್ರಮ ಮಾತ್ರ ತಪ್ಪಿರುತ್ತದೆ. ಎಲ್ಲರೂ ಬೀರು ತೆಗೆದು ಫೈಲ್‌ನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಶೆಡ್‌ನಿಂದ. ಮೊದಲು ನೆಲದ ಮೇಲೆ ಏನಿದೆ ಅಂತ ಬರೆಯಿರಿ. ಆಮೇಲೆ ಅದನ್ನು ಲೆಕ್ಕದ ಪುಸ್ತಕದ ಜೊತೆ ತಾಳೆ ನೋಡಿ. ಬಿಲ್ಲು, ಪತ್ರ ಹುಡುಕುವುದು ಅದಾದ ಮೇಲೆ.

ಲೇಥ್, ಮಿಲ್ಲಿಂಗ್, ಒಂದೆರಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಇಟ್ಟುಕೊಂಡಿರುವ, ಸ್ವಂತ ಶೆಡ್ ಇರುವ ಮಷಿನ್ ಶಾಪ್ ಒಂದನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಅಕ್ಕಿ ಗಿರಣಿಯಾಗಲಿ, ಪ್ರಿಂಟಿಂಗ್ ಪ್ರೆಸ್ ಆಗಲಿ, ಕ್ರಮ ಇದೇ.

## ಮೊದಲೇ ಹತ್ತಿರ ಇಟ್ಟುಕೊಳ್ಳಬೇಕಾದವು

ಒಳ್ಳೆ ಕ್ಯಾಮೆರಾ ಇರುವ ಮೊಬೈಲ್, ಉದ್ದದ ಟೇಪು, ಟಾರ್ಚು, ನೇಮ್ ಪ್ಲೇಟ್ ಮೇಲಿನ ಗ್ರೀಸ್ ಒರೆಸಲು ಹಳೇ ಬಟ್ಟೆ ಮತ್ತು ಸ್ವಲ್ಪ ಸೀಮೆಎಣ್ಣೆ, ಯಂತ್ರಕ್ಕೆ ನಂಬರ್ ಹಾಕಲು ಪೇಂಟ್ ಮಾರ್ಕರ್. ಇದರ ಜೊತೆ ಕಳೆದ ಮೂರು ವರ್ಷದ ಬ್ಯಾಲೆನ್ಸ್ ಶೀಟ್. ಅದರಲ್ಲಿ ಸವಕಳಿ ಪಟ್ಟಿ, ಅಂದರೆ ಡಿಪ್ರಿಸಿಯೇಶನ್ ಶೆಡ್ಯೂಲ್ ಇದೆಯಾ ನೋಡಿಕೊಳ್ಳಿ.

ಇನ್ನೂ ಮುಖ್ಯವಾದದ್ದು ಇಬ್ಬರು ಮನುಷ್ಯರು: ಶೆಡ್ ನೋಡಿಕೊಳ್ಳುವ ಸೂಪರ್‌ವೈಸರ್ ಮತ್ತು ಲೆಕ್ಕ ಬರೆಯುವ ಅಕೌಂಟೆಂಟ್. ಯಂತ್ರದ ವಿಷಯ ಒಬ್ಬರಿಗೆ ಗೊತ್ತು, ಬಿಲ್ಲಿನ ವಿಷಯ ಇನ್ನೊಬ್ಬರಿಗೆ. ಇಬ್ಬರೂ ಒಟ್ಟಿಗೆ ನಡೆಯದೆ ಪಟ್ಟಿ ಸರಿ ಬರುವುದಿಲ್ಲ.

## ಹಂತ 1: ಯಾಕೆ, ಯಾವ ತಾರೀಖಿಗೆ, ಯಾರ ಹೆಸರಲ್ಲಿ

ಈ ಮೂರು ಪ್ರಶ್ನೆಗೆ ಒಂದು ಹಾಳೆಯಲ್ಲಿ ಉತ್ತರ ಬರೆಯದೆ ಮುಂದಕ್ಕೆ ಹೋಗಬೇಡಿ.

ಯಾಕೆ. ಬ್ಯಾಂಕ್ ಸಾಲಕ್ಕಾದರೆ ವರದಿಯಲ್ಲಿ ಮಾರುಕಟ್ಟೆ ಬೆಲೆಯ ಜೊತೆಗೆ, ಅವಸರದಲ್ಲಿ ಮಾರಿದರೆ ಎಷ್ಟು ಬರುತ್ತದೆ ಅನ್ನುವ ಬೆಲೆಯನ್ನೂ ಕೇಳುತ್ತಾರೆ. ವಿಮೆಗಾದರೆ ಅದೇ ಯಂತ್ರವನ್ನು ಈಗ ಹೊಸದಾಗಿ ತಂದು ಕೂರಿಸಲು ಆಗುವ ಖರ್ಚು ಬೇಕು. ಪಾಲುದಾರರೊಬ್ಬರು ಹೊರಗೆ ಹೋಗುತ್ತಿದ್ದರೆ ಯಂತ್ರ, ಜಾಗದ ಜೊತೆ ಬರಬೇಕಾದ ಬಾಕಿ, ಸ್ಟಾಕು, ಟ್ರೇಡ್‌ಮಾರ್ಕ್ ಕೂಡ ಲೆಕ್ಕಕ್ಕೆ ಬರಬಹುದು. ಉದ್ದೇಶ ಬದಲಾದರೆ ಬೇಕಾದ ಕಾಗದವೂ ಬದಲಾಗುತ್ತದೆ, ಬರುವ ಅಂಕಿಯೂ ಬದಲಾಗುತ್ತದೆ.

ವಿಮೆಯ ವಿಷಯದಲ್ಲಿ ಒಂದು ಲೆಕ್ಕ ನೋಡಿ. ಯಂತ್ರಗಳ ನಿಜ ಬೆಲೆ 1 ಕೋಟಿ, ಪುಸ್ತಕದ ಬೆಲೆ ನೋಡಿ ನೀವು ವಿಮೆ ಮಾಡಿಸಿದ್ದು 60 ಲಕ್ಷಕ್ಕೆ. ಬೆಂಕಿಯಲ್ಲಿ 10 ಲಕ್ಷದ ನಷ್ಟವಾದರೆ ಕೈಗೆ ಬರುವುದು 6 ಲಕ್ಷದ ಆಸುಪಾಸು. ಕಡಿಮೆ ಮೊತ್ತಕ್ಕೆ ಮಾಡಿಸಿದ ಪ್ರಮಾಣದಲ್ಲೇ ಪರಿಹಾರವನ್ನೂ ಕತ್ತರಿಸುತ್ತಾರೆ. ಒಂದು ಜಾಗದಲ್ಲಿ ವಿಮೆಗೆ ಬರುವ ಆಸ್ತಿ ಒಟ್ಟು 5 ಕೋಟಿ ಒಳಗಿರುವ ಉದ್ದಿಮೆಗಳಿಗೆ ಇರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ 15% ತನಕದ ಕೊರತೆಯನ್ನು ಮನ್ನಿಸುತ್ತಾರೆ. 40% ಕೊರತೆಯನ್ನು ಮನ್ನಿಸುವುದಿಲ್ಲ.

ಯಾವ ತಾರೀಖಿಗೆ. ಮೌಲ್ಯ ಕಟ್ಟುವ ದಿನ, ಬಂದು ನೋಡುವ ದಿನ, ವರದಿಗೆ ಸಹಿ ಹಾಕುವ ದಿನ, ಈ ಮೂರೂ ಬೇರೆ ಬೇರೆ ಆಗಿರಬಹುದು. ಪಾಲುದಾರರು ಮಾರ್ಚ್ 31ಕ್ಕೆ ನಿವೃತ್ತರಾಗಿದ್ದರೆ ಜೂನ್‌ನಲ್ಲಿ ಬಂದು ನೋಡಿದರೂ ಬೆಲೆ ಕಟ್ಟುವುದು ಮಾರ್ಚ್ 31ಕ್ಕೆ. ಮಧ್ಯೆ ಕೊಂಡ ಕಂಪ್ರೆಸರ್ ಆ ಪಟ್ಟಿಗೆ ಬರಬಾರದು. ಹಳೇ ಜಾಗ ಮಾರಿ ಕ್ಯಾಪಿಟಲ್ ಗೇನ್ಸ್ ಲೆಕ್ಕ ಹಾಕುವವರಿಗೆ 2001ರ ಏಪ್ರಿಲ್ 1ರ ಬೆಲೆ ಬೇಕಾಗಬಹುದು. ಆಗ ಇವತ್ತಿನ ದರ ಕೆಲಸಕ್ಕೆ ಬರುವುದಿಲ್ಲ.

ಯಾರ ಹೆಸರಲ್ಲಿ. ಯಂತ್ರ ಫರ್ಮಿನ ಹೆಸರಲ್ಲಿ, ಜಾಗ ಅಪ್ಪನ ಹೆಸರಲ್ಲಿ, ವ್ಯಾನು ಅಣ್ಣನ ಹೆಸರಲ್ಲಿ. ನಮ್ಮಲ್ಲಿ ಇದು ತೀರಾ ಸಾಮಾನ್ಯ. ಇದನ್ನು ಮೊದಲೇ ಹೇಳಿಬಿಡಿ. ಫರ್ಮಿನ ಆಸ್ತಿ ಅಂತ ಕೊಟ್ಟು ಕ್ರಯಪತ್ರದಲ್ಲಿ ಬೇರೆ ಹೆಸರು ಬಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

## ಹಂತ 2: ಸರಿಯಾದ ವ್ಯಾಲ್ಯುಯರ್, ಸರಿಯಾದ ಕರಾರು

ಬ್ಯಾಂಕ್ ಸಾಲಕ್ಕಾದರೆ ವ್ಯಾಲ್ಯುಯರನ್ನು ಗೊತ್ತು ಮಾಡುವುದು ಬ್ಯಾಂಕೇ. ಅವರ ಪ್ಯಾನೆಲ್‌ನಲ್ಲಿ ಇಲ್ಲದವರಿಂದ ಮೊದಲೇ ವರದಿ ಮಾಡಿಸಿಕೊಂಡು ಹೋದರೆ ದುಡ್ಡು ದಂಡ. ಬ್ರಾಂಚಿನಲ್ಲಿ ಕೇಳಿಕೊಂಡೇ ಹೆಜ್ಜೆ ಇಡಿ.

ಕಂಪನಿ ಕಾಯ್ದೆಯಡಿ ಬೇಕಾದ ಮೌಲ್ಯಮಾಪನಕ್ಕೆ ಸೆಕ್ಷನ್ 247ರ ಪ್ರಕಾರ ನೋಂದಾಯಿತ ವ್ಯಾಲ್ಯುಯರ್ ಆಗಿರಬೇಕು. 2017ರ ನಿಯಮಗಳಡಿ ಈ ನೋಂದಣಿ ಕೊಡುವುದು ಐಬಿಬಿಐ, ಅಂದರೆ ಕೇಂದ್ರದ ದಿವಾಳಿತನ ಮಂಡಳಿ. ನೋಂದಣಿಯಲ್ಲಿ ಮೂರು ವರ್ಗ ಇವೆ: ಜಮೀನು ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮತ್ತು ಹಣಕಾಸು ಆಸ್ತಿ. ಕಟ್ಟಡದ ವರ್ಗದಲ್ಲಿ ಮಾತ್ರ ನೋಂದಣಿ ಇರುವವರು ಸಿಎನ್‌ಸಿ ಯಂತ್ರದ ವರದಿಗೆ ಸಹಿ ಹಾಕುವಂತಿಲ್ಲ. ಶೆಡ್ಡೂ ಯಂತ್ರವೂ ಇದ್ದರೆ ಇಬ್ಬರು ಬೇಕಾಗಬಹುದು. ಐಬಿಬಿಐ ವೆಬ್‌ಸೈಟಿನಲ್ಲಿ ಹೆಸರು, ವರ್ಗ ಎರಡನ್ನೂ ನೋಡಿಕೊಳ್ಳಿ. ನಿಮ್ಮ ಆಸ್ತಿಯಲ್ಲಿ ಹಿಂದಿನ ಮೂರು ವರ್ಷದಲ್ಲಿ ಅವರಿಗೆ ನೇರವಾಗಿಯೋ ಪರೋಕ್ಷವಾಗಿಯೋ ಯಾವುದೇ ಹಿತಾಸಕ್ತಿ ಇದ್ದಿರಬಾರದು. ನಮ್ಮ ಪಾಲುದಾರರ ಭಾವಮೈದುನ ಕಡಿಮೆ ಫೀಸಿಗೆ ಮಾಡಿಕೊಡುತ್ತಾರೆ ಅನ್ನುವ ಯೋಚನೆ ಇಲ್ಲೇ ಬಿಟ್ಟುಬಿಡಿ.

ಕರಾರು ಪತ್ರದಲ್ಲಿ ಉದ್ದೇಶ, ತಾರೀಖು, ಯಾವ ಯಾವ ಆಸ್ತಿ, ಫೀಸು, ವರದಿಯನ್ನು ಯಾರು ಬಳಸಬಹುದು, ಇಷ್ಟೂ ಬರಹದಲ್ಲಿರಲಿ.

## ಹಂತ 3: ಶೆಡ್‌ನಲ್ಲಿ ನಡೆದು ಪಟ್ಟಿ ಮಾಡುವುದು

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಹಳೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಟಿಕ್ ಹಾಕುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಪಟ್ಟಿಯಲ್ಲಿ ಇಲ್ಲದ ಯಂತ್ರ ಕಣ್ಣಿಗೇ ಬೀಳುವುದಿಲ್ಲ. ಖಾಲಿ ಹಾಳೆ ತೆಗೆದುಕೊಳ್ಳಿ. ಗೇಟಿನ ಎಡಗಡೆಯಿಂದ ಶುರು ಮಾಡಿ, ಗೋಡೆ ಹಿಡಿದು ಒಂದು ಸುತ್ತು, ಆಮೇಲೆ ಮಧ್ಯದ ಸಾಲುಗಳು, ಕೊನೆಗೆ ಶೆಡ್ ಹಿಂಭಾಗ, ಮಾಳಿಗೆ, ಜನರೇಟರ್ ಕೋಣೆ.

ಪ್ರತಿ ಯಂತ್ರಕ್ಕೂ ನಂಬರ್ ಹಾಕಿ, ಒಂದೊಂದು ಸಾಲು ಬರೆಯಿರಿ. ಯಂತ್ರದ ಹೆಸರು, ತಯಾರಿಸಿದ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ತಯಾರಾದ ವರ್ಷ, ಸಾಮರ್ಥ್ಯ, ಮೋಟರಿನ ಹೆಚ್‌ಪಿ, ನಿಂತಿರುವ ಜಾಗ, ಈಗಿನ ಸ್ಥಿತಿ ಇಷ್ಟು ಬೇಕು. ಸಾಮರ್ಥ್ಯ ಬರೆಯುವಾಗ ಬರೀ "ಲೇಥ್" ಅಂತ ಬರೆದರೆ ಸಾಲದು. ಬೆಡ್ ಉದ್ದ ಎಷ್ಟು, ಪ್ರೆಸ್ ಎಷ್ಟು ಟನ್, ಜನರೇಟರ್ ಎಷ್ಟು ಕೆವಿಎ ಅಂತ ಬರೆಯಿರಿ. ಬೆಲೆ ನಿಂತಿರುವುದೇ ಅದರ ಮೇಲೆ.

ಸ್ಥಿತಿಯನ್ನು ಮೂರೇ ಮಾತಿನಲ್ಲಿ ಬರೆಯಿರಿ: ಓಡುತ್ತಿದೆ, ನಿಂತಿದೆ, ಗುಜರಿ. ನಿಂತಿದ್ದರೆ ಯಾವಾಗಿನಿಂದ, ಯಾಕೆ ಅಂತ ಒಂದು ಸಾಲು ಸೇರಿಸಿ. ಸ್ಪಿಂಡಲ್ ಕೆಟ್ಟು ನಿಂತ ಯಂತ್ರಕ್ಕೂ ಆರ್ಡರ್ ಇಲ್ಲದೆ ನಿಂತ ಯಂತ್ರಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇದೆ.

ಪ್ರತಿ ಯಂತ್ರದ್ದು ಎರಡು ಫೋಟೋ ಸಾಕು, ಪೂರ್ತಿ ಯಂತ್ರದ್ದೊಂದು, ಒರೆಸಿದ ನೇಮ್ ಪ್ಲೇಟಿನದೊಂದು. ನೇಮ್ ಪ್ಲೇಟ್ ಕಿತ್ತುಹೋಗಿದ್ದರೆ ಊಹಿಸಿ ವರ್ಷ ಬರೆಯಬೇಡಿ, "ಪ್ಲೇಟ್ ಇಲ್ಲ" ಅಂತ ಬರೆಯಿರಿ.

ಈ ಸುತ್ತಿನಲ್ಲೇ ಒಂದು ಮುಖ್ಯ ವಿಂಗಡಣೆ ಆಗಬೇಕು. ಶೆಡ್‌ನಲ್ಲಿ ಇರುವುದೆಲ್ಲ ನಿಮ್ಮದಲ್ಲ, ಅಲ್ವಾ? ದೊಡ್ಡ ಕಂಪನಿಗೆ ಜಾಬ್ ವರ್ಕ್ ಮಾಡುವವರ ಹತ್ತಿರ ಆ ಕಂಪನಿಯ ಡೈ, ಮೋಲ್ಡ್, ಗೇಜು, ಕೆಲವೊಮ್ಮೆ ಇಡೀ ಯಂತ್ರವೇ ಇರುತ್ತದೆ. ಅವಕ್ಕೆ ಬೇರೆ ಪಟ್ಟಿ, ಬೇರೆ ಬಣ್ಣದ ನಂಬರ್. ಇದರ ಉಲ್ಟಾ ಕೂಡ ನೋಡಿ. ನಿಮ್ಮ ಡೈ ಇನ್ನೊಬ್ಬರ ಶೆಡ್‌ನಲ್ಲಿದ್ದರೆ, ರಿಪೇರಿಗೆ ಹೋದ ಮೋಟರ್ ಇದ್ದರೆ, ಡೆಲಿವರಿ ಚಲನ್ ಮತ್ತು "ನಮ್ಮಲ್ಲಿ ಇದೆ" ಅನ್ನುವ ಅವರ ಪತ್ರ ತರಿಸಿಕೊಳ್ಳಿ.

ಸಾಮಾನ್ಯವಾಗಿ ಬಿಟ್ಟುಹೋಗುವವು: ಮೇಲೆ ಹಳಿಯಲ್ಲಿ ಓಡುವ ಇಒಟಿ ಕ್ರೇನ್, ಕೇಬಲ್ ಮತ್ತು ಪ್ಯಾನೆಲ್ ಬೋರ್ಡು, ಟ್ರಾನ್ಸ್‌ಫಾರ್ಮರ್, ಏರ್ ಲೈನ್, ಅಳತೆ ಉಪಕರಣಗಳು, ಬೋರ್‌ವೆಲ್ ಪಂಪು.

## ಹಂತ 4: ಪುಸ್ತಕದ ಜೊತೆ ತಾಳೆ ನೋಡುವುದು

ಈಗ ಸ್ಥಿರ ಆಸ್ತಿ ರಿಜಿಸ್ಟರ್ ತೆಗೆಯಿರಿ. ರಿಜಿಸ್ಟರ್ ಇಲ್ಲದಿದ್ದರೆ ಟ್ಯಾಲಿಯಿಂದ ಯಂತ್ರೋಪಕರಣದ ಲೆಡ್ಜರನ್ನು ಮೊದಲ ವರ್ಷದಿಂದ ತೆಗೆಸಿ. ನೆಲದ ಪಟ್ಟಿಯ ಪಕ್ಕದಲ್ಲಿ ಪುಸ್ತಕದ ಸಾಲು ಬರೆಯುತ್ತಾ ಹೋಗಿ. ಮೂರು ಗುಂಪು ಆಗುತ್ತವೆ.

ಎರಡೂ ಕಡೆ ಇರುವವು. ಇವುಗಳಲ್ಲಿ ತೊಂದರೆ ಇಲ್ಲ.

ಪುಸ್ತಕದಲ್ಲಿ ಇದ್ದು ನೆಲದ ಮೇಲೆ ಇಲ್ಲದವು. ಮಾರಿದ್ದೀರಾ, ಗುಜರಿಗೆ ಹಾಕಿದ್ದೀರಾ, ಹೊಸ ಯಂತ್ರಕ್ಕೆ ಎಕ್ಸ್‌ಚೇಂಜ್ ಕೊಟ್ಟಿದ್ದೀರಾ ಅಂತ ಪತ್ತೆ ಮಾಡಿ, ಮಾರಾಟದ ಬಿಲ್ ಹುಡುಕಿ. ಈ ಯಂತ್ರ ಈಗಲೂ ಬ್ಯಾಂಕಿಗೆ ಅಡಮಾನದಲ್ಲಿದ್ದರೆ ವಿಷಯ ಗಂಭೀರ. ಮುಚ್ಚಿಡದೆ ಆಡಿಟರ್ ಜೊತೆ ಅವತ್ತೇ ಮಾತಾಡಿ.

ನೆಲದ ಮೇಲೆ ಇದ್ದು ಪುಸ್ತಕದಲ್ಲಿ ಇಲ್ಲದವು. ಜನ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಸವಕಳಿ ಮುಗಿದು ಪುಸ್ತಕದಿಂದ ತೆಗೆದುಹಾಕಿದ ಯಂತ್ರ, ರಿಪೇರಿ ಖರ್ಚಿಗೆ ಹಾಕಿದ ಹೊಸ ಕಂಟ್ರೋಲ್ ಪ್ಯಾನೆಲ್, ನಿಮ್ಮ ಶೆಡ್‌ನಲ್ಲೇ ಕಟ್ಟಿಕೊಂಡ ಸ್ಪೆಷಲ್ ಪರ್ಪಸ್ ಯಂತ್ರ. ಪುಸ್ತಕದಲ್ಲಿ ಬೆಲೆ ಇಲ್ಲ ಅಂತ ಇವನ್ನು ಬಿಡಬೇಡಿ. ಓಡುವ ಯಂತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದ್ದೇ ಇರುತ್ತದೆ.

ಪುಸ್ತಕದ ಬೆಲೆಗೂ ನಿಜ ಬೆಲೆಗೂ ಯಾಕಿಷ್ಟು ದೂರ ಅಂತ ತುಂಬಾ ಜನ ಕೇಳುತ್ತಾರೆ. 20 ಲಕ್ಷದ ಯಂತ್ರಕ್ಕೆ ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ 15% ಸವಕಳಿ ಕಳೆಯುತ್ತಾ ಹೋದರೆ ಹತ್ತು ವರ್ಷಕ್ಕೆ ಉಳಿಯುವುದು ಸುಮಾರು 3.94 ಲಕ್ಷ. ಅದು ತೆರಿಗೆಯ ಲೆಕ್ಕ ಮಾತ್ರ. ಚೆನ್ನಾಗಿ ನೋಡಿಕೊಂಡ ಯಂತ್ರಕ್ಕೆ ಅದಕ್ಕಿಂತ ಜಾಸ್ತಿ ಬರಬಹುದು, ಸ್ಪೇರ್ ಪಾರ್ಟ್ಸ್ ಸಿಗದ ಯಂತ್ರಕ್ಕೆ ಕಡಿಮೆಯೂ ಆಗಬಹುದು. ಇನ್ನೊಂದು ತೊಡಕು ಇದೆ. ತೆರಿಗೆ ಲೆಕ್ಕದಲ್ಲಿ ಒಂದೇ ದರದ ಯಂತ್ರಗಳೆಲ್ಲ ಒಂದೇ ಬ್ಲಾಕ್‌ನಲ್ಲಿ ಸೇರಿರುತ್ತವೆ. ಯಾವ ಯಂತ್ರಕ್ಕೆ ಎಷ್ಟು ಅಂತ ಅಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಯಂತ್ರವಾರು ಪಟ್ಟಿ ನೀವೇ ಮಾಡಬೇಕು.

## ಹಂತ 5: ಬಿಲ್ಲುಗಳು

ಪ್ರತಿ ಯಂತ್ರದ ನಂಬರನ್ನೇ ಅದರ ಬಿಲ್ಲಿನ ಜೆರಾಕ್ಸ್ ಮೇಲೆ ಬರೆಯಿರಿ. ಸಾಗಣೆ, ಫೌಂಡೇಶನ್, ಕೂರಿಸಿದ ಖರ್ಚಿನ ಬಿಲ್ಲುಗಳನ್ನು ಅದರ ಹಿಂದೆಯೇ ಪಿನ್ ಮಾಡಿ. ಹೊರದೇಶದಿಂದ ತರಿಸಿದ್ದರೆ ಕಸ್ಟಮ್ಸ್‌ಗೆ ಕೊಟ್ಟ ಬಿಲ್ ಆಫ್ ಎಂಟ್ರಿ ಬೇಕು.

ಜಿಎಸ್‌ಟಿ ವಿಷಯದಲ್ಲಿ ಗೊಂದಲ ಜಾಸ್ತಿ. 20 ಲಕ್ಷದ ಯಂತ್ರಕ್ಕೆ 18% ಸೇರಿ ಬಿಲ್ 23.60 ಲಕ್ಷ ಆಗಿರುತ್ತದೆ. ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಪುಸ್ತಕದಲ್ಲಿ 20 ಲಕ್ಷವೇ ಇರುತ್ತದೆ. ಎರಡು ಅಂಕಿ ನೋಡಿ ವ್ಯಾಲ್ಯುಯರ್ ಪ್ರಶ್ನೆ ಕೇಳುವ ಮೊದಲೇ ಪಟ್ಟಿಯಲ್ಲಿ "ಜಿಎಸ್‌ಟಿ ಬಿಟ್ಟು" ಅಂತ ಒಂದು ಕಾಲಂ ಇಟ್ಟುಬಿಡಿ.

ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ನೀವು ಕೊಂಡ ವರ್ಷದ ಜೊತೆ ಅದು ತಯಾರಾದ ವರ್ಷವನ್ನೂ ತೋರಿಸಿ. 2020ರಲ್ಲಿ ಕೊಂಡ 2006ರ ಯಂತ್ರವನ್ನು 2020ರದ್ದು ಅಂತ ಬರೆದುಕೊಟ್ಟರೆ ನೇಮ್ ಪ್ಲೇಟ್ ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಆಮೇಲೆ ಉಳಿದ ಪಟ್ಟಿಯನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ಬಿಲ್ ಕಳೆದುಹೋಗಿದ್ದರೆ ಹೊಸದಾಗಿ ಸೃಷ್ಟಿಸಲು ಹೋಗಬೇಡಿ. ಮಾರಿದವರಿಂದ ನಕಲು ಕೇಳಿ. ಸಿಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಲೆಡ್ಜರ್, ಆ ವರ್ಷದ ಆಡಿಟ್ ವರದಿ ಸೇರಿಸಿ ಒಂದು ಟಿಪ್ಪಣಿ ಬರೆದುಕೊಡಿ. ಇದರ ಜೊತೆ ಸರ್ವಿಸ್ ದಾಖಲೆ, ಎಎಂಸಿ (ವಾರ್ಷಿಕ ನಿರ್ವಹಣೆ) ಒಪ್ಪಂದ, ಸ್ಪಿಂಡಲ್ ಬದಲಿಸಿದ ಬಿಲ್ ಇದ್ದರೆ ಖಂಡಿತ ಇಡಿ. ಹಳೇ ಯಂತ್ರಕ್ಕೆ ಒಳ್ಳೆ ಬೆಲೆ ತಂದುಕೊಡುವ ಕಾಗದ ಇವೇ.

## ಹಂತ 6: ಜಾಗ ಮತ್ತು ಕಟ್ಟಡ

ಶೆಡ್ ಬಾಡಿಗೆಯದ್ದಾದರೆ ಬಾಡಿಗೆ ಕರಾರು ಇಟ್ಟು ಮುಂದಿನ ಹಂತಕ್ಕೆ ಹೋಗಿ. ಸ್ವಂತದ್ದಾದರೆ ಇಲ್ಲಿ ನಿಧಾನ ಮಾಡಿ.

ಜಾಗ ಕೆಐಎಡಿಬಿಯದ್ದಾದರೆ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿಕೆ ಪತ್ರ, ಸ್ವಾಧೀನ ಪ್ರಮಾಣಪತ್ರ, ಲೀಸ್ ಕಮ್ ಸೇಲ್ ಕರಾರು ಬೇಕು. ಷರತ್ತು ಮುಗಿದು ಶುದ್ಧ ಕ್ರಯಪತ್ರ ಆಗಿದ್ದರೆ ಅದು. ಲೀಸ್ ಕಮ್ ಸೇಲ್ ಹಂತದಲ್ಲೇ ಇದ್ದು "ಸ್ವಂತ ಜಾಗ" ಅಂತ ಬರೆಯುವುದು ದೊಡ್ಡ ತಪ್ಪು. ಆ ಹಂತದಲ್ಲಿ ನೀವಿನ್ನೂ ಪೂರ್ತಿ ಮಾಲೀಕರಲ್ಲ.

ಖಾಸಗಿ ಜಾಗವಾದರೆ ಕ್ರಯಪತ್ರ, ಹಿಂದಿನ ಪತ್ರಗಳು, ಭೂ ಪರಿವರ್ತನೆ ಆದೇಶ, ಇ-ಖಾತಾ, ಈ ವರ್ಷದ ಕಂದಾಯ ರಸೀದಿ. ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಇಸಿಯನ್ನು, ಅಂದರೆ ಋಣಭಾರ ಪ್ರಮಾಣಪತ್ರವನ್ನು, ಹೊಸದಾಗಿ ತೆಗೆಸಿ. ವ್ಯವಹಾರ ಇದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16 ಬರುತ್ತದೆ. ಹೋದ ವರ್ಷದ್ದು ಇದೆ ಅಂತ ಅದನ್ನೇ ಇಡಬೇಡಿ.

ಆಮೇಲೆ ಒಂದೇ ಹಾಳೆಯಲ್ಲಿ ವಿಸ್ತೀರ್ಣವನ್ನು ನಾಲ್ಕು ಕಡೆಯಿಂದ ಬರೆಯಿರಿ: ಕ್ರಯಪತ್ರದಲ್ಲಿ ಎಷ್ಟು, ಖಾತೆಯಲ್ಲಿ ಎಷ್ಟು, ಅನುಮೋದಿತ ನಕ್ಷೆಯಲ್ಲಿ ಎಷ್ಟು, ಟೇಪು ಹಿಡಿದು ಅಳೆದರೆ ಎಷ್ಟು. ಗುಂಟೆಯಲ್ಲಿದ್ದರೆ ಚದರ ಅಡಿಗೆ ತನ್ನಿ. 1 ಗುಂಟೆ ಅಂದರೆ 1,089 ಚದರ ಅಡಿ, 40 ಗುಂಟೆ ಒಂದು ಎಕರೆ. ರಸ್ತೆ ಅಗಲ ಮಾಡುವಾಗ ಹೋದ ಜಾಗ, ಪಕ್ಕದವರು ಒತ್ತಿದ ಜಾಗ, ನೀವು ಮೇಲೆ ಹಾಕಿಸಿದ ಶೀಟಿನ ಮಾಳಿಗೆ, ಎಲ್ಲ ಇಲ್ಲೇ ಹೊರಗೆ ಬರುತ್ತವೆ. ಅನುಮತಿ ಇಲ್ಲದೆ ಕಟ್ಟಿದ ಭಾಗವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಸೇರಿಸಿಕೊಂಡು ಸಾಲದ ಮೊತ್ತದ ಕನಸು ಕಾಣಬೇಡಿ.

ಚೆಕ್ಕುಬಂದಿಯನ್ನೂ ತಾಳೆ ನೋಡಿ. ಪತ್ರದಲ್ಲಿ "ಪೂರ್ವಕ್ಕೆ ಖಾಲಿ ಸೈಟು" ಅಂತ ಇದ್ದು ಈಗ ಅಲ್ಲಿ ಗೋಡೌನ್ ಇದ್ದರೆ ಒಂದು ಸಾಲು ವಿವರಣೆ ಸಾಕು. ಸರ್ವೆ ನಂಬರ್ ಬಗ್ಗೆ ಅನುಮಾನ ಇದ್ದರೆ ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಕಾರ್ಖಾನೆ ಲೈಸೆನ್ಸ್, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಇತ್ತೀಚಿನ ಕರೆಂಟ್ ಬಿಲ್ ಕೂಡ ಈ ಭಾಗಕ್ಕೇ ಸೇರಲಿ. ಕರೆಂಟ್ ಬಿಲ್ಲಿನ ಮಂಜೂರಾದ ಲೋಡು 40 ಹೆಚ್‌ಪಿ, ಪಟ್ಟಿಯಲ್ಲಿ ಓಡುವ ಯಂತ್ರಗಳ ಮೋಟರು ಕೂಡಿಸಿದರೆ 110 ಹೆಚ್‌ಪಿ ಅಂತ ಬಂದರೆ ಅನುಭವಿ ವ್ಯಾಲ್ಯುಯರ್ ಕೇಳದೆ ಬಿಡುವುದಿಲ್ಲ.

## ಹಂತ 7: ಸಾಲ ಮತ್ತು ಅಡಮಾನ

ಯಾವ ಆಸ್ತಿಯ ಮೇಲೆ ಯಾವ ಸಾಲ ಇದೆ ಅಂತ ಪಟ್ಟಿಯಲ್ಲೇ ಒಂದು ಕಾಲಂ ಸೇರಿಸಿ. ತೀರಿಸಿದ ಸಾಲದ ಚಾರ್ಜು, ಅಂದರೆ ಆಸ್ತಿಯ ಮೇಲಿನ ಬ್ಯಾಂಕಿನ ಹಕ್ಕು, ದಾಖಲೆಯಲ್ಲಿ ಹಾಗೇ ಉಳಿದಿರುವುದು ಬಹಳ. ಬ್ಯಾಂಕಿನಿಂದ ನೋ ಡ್ಯೂ ಪತ್ರ ಸಿಕ್ಕರೆ ಮುಗಿಯಿತು ಅಂದುಕೊಳ್ಳುತ್ತೇವೆ, ಮುಗಿದಿರುವುದಿಲ್ಲ. ಕಂಪನಿಯಾದರೆ ಕಂಪನಿ ರಿಜಿಸ್ಟ್ರಾರ್‌ಗೆ ಸಿಹೆಚ್‌ಜಿ-4 ಫಾರಂ ಸಲ್ಲಿಸಿ ಚಾರ್ಜು ತೆಗೆಸಬೇಕು. ವಾಹನವಾದರೆ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯನ್ನೂ ನೋಡಿಕೊಳ್ಳಿ. ಇದಕ್ಕೆ ದಿನ ಹಿಡಿಯುತ್ತದೆ, ಮೊದಲೇ ಶುರು ಮಾಡಿ.

## ಹಂತ 8: ಫೈಲ್ ಜೋಡಿಸುವುದು

ಮೇಲೆ ಹಂತ 1ರ ಹಾಳೆ, ಆಮೇಲೆ ಯಂತ್ರಗಳ ಪಟ್ಟಿ, ನಂಬರ್ ಪ್ರಕಾರ ಬಿಲ್ಲುಗಳು, ಜಾಗದ ಪತ್ರಗಳು, ಸಾಲದ ವಿವರ, ಕೊನೆಗೆ ಬ್ಯಾಲೆನ್ಸ್ ಶೀಟು. ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಕೊಡಿ, ಪಿಡಿಎಫ್ ಬೇಡ. ಸ್ಕ್ಯಾನ್ ಫೈಲ್‌ಗಳಿಗೂ ಯಂತ್ರದ ನಂಬರನ್ನೇ ಹೆಸರಾಗಿ ಇಡಿ. ಮೂಲ ಪತ್ರ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ಇಟ್ಟುಕೊಳ್ಳಿ.

## ಹಂತ 9: ನೋಡಲು ಬರುವ ದಿನ

ಆ ದಿನ ಯಂತ್ರ ಓಡುತ್ತಿರಲಿ. ಭಾನುವಾರ ಕರೆಸಿದರೆ ನಿಂತ ಯಂತ್ರ ನೋಡಿ ಹೋಗುತ್ತಾರೆ, ಓಡುವ ಸ್ಥಿತಿಯಲ್ಲಿದೆ ಅಂತ ಬರೆಯಲು ಅವರಿಗೆ ಆಧಾರ ಇರುವುದಿಲ್ಲ. ಸೂಪರ್‌ವೈಸರ್, ಅಕೌಂಟೆಂಟ್ ಇಬ್ಬರೂ ಜೊತೆಗಿರಲಿ. ಗೊತ್ತಿಲ್ಲದ್ದಕ್ಕೆ "ನೋಡಿ ಹೇಳುತ್ತೇವೆ" ಅನ್ನಿ, ಬಾಯಿಗೆ ಬಂದ ವರ್ಷ ಹೇಳಬೇಡಿ. ಕೆಟ್ಟು ನಿಂತ ಯಂತ್ರವನ್ನು ನೀವೇ ಮುಂದಾಗಿ ತೋರಿಸಿ.

## ಎಚ್ಚರಿಕೆಯ ಗುರುತುಗಳು

"ನಿಮಗೆ ಎಷ್ಟು ಬೆಲೆ ಬೇಕು ಹೇಳಿ" ಅಂತ ಕೇಳುವ ವ್ಯಾಲ್ಯುಯರಿಂದ ದೂರ ಇರಿ. ಕಟ್ಟಿದ ಬೆಲೆಯ ಮೇಲೆ ಇಷ್ಟು ಪರ್ಸೆಂಟ್, ಸಾಲ ಸಿಕ್ಕರೆ ಇಷ್ಟು ಅಂತ ಫೀಸು ಕೇಳುವವರಿಂದಲೂ. ನೋಂದಾಯಿತ ವ್ಯಾಲ್ಯುಯರ್‌ಗಳ ನಡತೆ ಸಂಹಿತೆ ಸಕ್ಸಸ್ ಫೀಸನ್ನು ಒಪ್ಪುವುದಿಲ್ಲ. ಶೆಡ್‌ಗೆ ಕಾಲಿಡದೆ ಫೋಟೋ ನೋಡಿ ವರದಿ ಕೊಡುತ್ತೇನೆ ಅಂದರೆ ಆ ವರದಿ ಬ್ಯಾಂಕಿನ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಮಾಹಿತಿ ಸರಿ ಇದೆ ಅಂತ ನಿಮ್ಮಿಂದ ಒಂದು ಪತ್ರಕ್ಕೆ ಸಹಿ ಕೇಳುವುದು ವಾಡಿಕೆ, ತಪ್ಪೇನಿಲ್ಲ. ಆದರೆ ಖಾಲಿ ಹಾಳೆಗೆ ಸುಮ್ನೆ ಸಹಿ ಹಾಕಿಕೊಡಬೇಡಿ. ಪಟ್ಟಿಯ ಪ್ರತಿಯನ್ನು ಆ ಪತ್ರಕ್ಕೆ ಲಗತ್ತಿಸಿಯೇ ಸಹಿ ಹಾಕಿ.

## ಹಂತ 10: ಕರಡು ವರದಿ ಓದುವುದು

ಬ್ಯಾಂಕ್ ನೇಮಿಸಿದ್ದಾದರೆ ವರದಿ ನೇರ ಬ್ಯಾಂಕಿಗೆ ಹೋಗುತ್ತದೆ. ನೀವು ನೇಮಿಸಿದ್ದಾದರೆ ಕರಡು ಕೇಳಿ. ಜನ ಕೊನೆಯ ಪುಟದ ಅಂಕಿಯನ್ನಷ್ಟೇ ನೋಡುತ್ತಾರೆ. ನೀವು ಮೊದಲು ನೋಡಬೇಕಾದ್ದು ಸರ್ವೆ ನಂಬರ್, ವಿಸ್ತೀರ್ಣ, ಸೀರಿಯಲ್ ನಂಬರ್, ಮಾಲೀಕರ ಹೆಸರು, ಮೌಲ್ಯದ ತಾರೀಖು. 2017ರ ನಿಯಮಗಳ ಪ್ರಕಾರ ನೇಮಕದ ದಿನ, ಉದ್ದೇಶ, ನಡೆಸಿದ ತಪಾಸಣೆ, ಮಾಹಿತಿಯ ಮೂಲ, ಅನುಸರಿಸಿದ ಕ್ರಮ, ಬಳಕೆಯ ಮಿತಿ ಇವೆಲ್ಲ ವರದಿಯಲ್ಲಿ ಇರಲೇಬೇಕು. ಒಂದಾದರೂ ಇಲ್ಲದಿದ್ದರೆ ಕೇಳಿ ಹಾಕಿಸಿ.

ಅಂಕಿ ಕಡಿಮೆ ಅನ್ನಿಸಿದರೆ ಚೌಕಾಸಿಗೆ ಇಳಿಯಬೇಡಿ. ಯಾವ ಯಂತ್ರಕ್ಕೆ ಕಡಿಮೆ ಅಂತ ಗುರುತಿಸಿ, ಅದೇ ಮಾಡೆಲಿನ ಈಗಿನ ಕೊಟೇಶನ್ ಅಥವಾ ಮರುಜೋಡಣೆಯ ಬಿಲ್ ಕಳಿಸಿ. ಪುರಾವೆ ಕಂಡರೆ ವ್ಯಾಲ್ಯುಯರ್ ಮತ್ತೆ ನೋಡುತ್ತಾರೆ, ಗಲಾಟೆಗೆ ನೋಡುವುದಿಲ್ಲ.

ಸಾಲಕ್ಕೆ ಮಾಡಿಸಿದ ವರದಿಯನ್ನು ವಿಮೆಗೂ ಪಾಲು ಹಂಚಿಕೆಗೂ ಬಳಸಬೇಡಿ. ಬೇರೆ ಉದ್ದೇಶಕ್ಕೆ ಬೇರೆ ವರದಿ ಬೇಕು. ಆದರೆ ನೀವು ಮಾಡಿದ ಎಕ್ಸೆಲ್ ಪಟ್ಟಿ ಎಲ್ಲದಕ್ಕೂ ಆಗುತ್ತದೆ. ಹೊಸ ಯಂತ್ರ ಬಂದ ದಿನವೇ ಅದಕ್ಕೊಂದು ಸಾಲು ಸೇರಿಸಿ, ಹೋದ ಯಂತ್ರದ ಸಾಲಿನ ಮುಂದೆ ಮಾರಾಟದ ಬಿಲ್ ನಂಬರ್ ಬರೆಯಿರಿ. ಪ್ರತಿ ಮಾರ್ಚ್ 31ಕ್ಕೆ ಸೂಪರ್‌ವೈಸರ್ ಜೊತೆ ಒಂದು ಸುತ್ತು ಹಾಕಿ ಸ್ಥಿತಿಯ ಕಾಲಂ ತಿದ್ದಿ, ಆ ಪ್ರತಿಯನ್ನು ಆಡಿಟರ್‌ಗೂ ಕಳಿಸಿ.